ಕಾರ್ಬನ್ ಕ್ಯಾಟಯಾನ್, ಫ್ರೀ ರ‍್ಯಾಡಿಕಲ್, ಅಯಾನಿಕ್ ದ್ರವ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾವಯವ ರಸಾಯನಶಾಸ್ತ್ರ ಓದುವವರಿಗೆ ಕ್ಯಾಟಯಾನ್ (ಧನ ಚಾರ್ಜ್ ಇರುವ ಕಣ) ಒಂದು ಪಾಠದಲ್ಲಿ ಸಿಗುತ್ತದೆ, ರ‍್ಯಾಡಿಕಲ್ (ಒಂಟಿ ಎಲೆಕ್ಟ್ರಾನ್ ಇರುವ ಕಣ) ಇನ್ನೊಂದರಲ್ಲಿ. ಅಯಾನಿಕ್ ದ್ರವದ ಹೆಸರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೆ ಫ್ಲಾಸ್ಕಿನೊಳಗೆ ಈ ಮೂರೂ ಹೀಗೆ ಬೇರೆ ಬೇರೆ ಕೂತಿರುವುದಿಲ್ಲ. ಒಂದೇ ಒಂದು ಎಲೆಕ್ಟ್ರಾನ್ ಬಂದರೆ ಅಥವಾ ಹೋದರೆ ಒಂದು ಇನ್ನೊಂದಾಗಿಬಿಡುತ್ತದೆ. ಆ ಎಲೆಕ್ಟ್ರಾನ್ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಅಂತ ಕೇಳುವ ಅಭ್ಯಾಸ ಇದ್ದರೆ ಕೆಳಗಿನ ಪ್ರಶ್ನೆಗಳಲ್ಲಿ ಅರ್ಧ ತಾವಾಗೇ ಬಿಡಿಸಿಕೊಳ್ಳುತ್ತವೆ.

ಕ್ಯಾಟಯಾನ್‌ಗೂ ರ‍್ಯಾಡಿಕಲ್‌ಗೂ ಏನು ವ್ಯತ್ಯಾಸ?

ಎಣಿಸಿ ನೋಡಿ. ಮೂರು ಬಂಧ ಇರುವ ಕಾರ್ಬನ್ನಿನ ಹೊರಕವಚದಲ್ಲಿ 6 ಎಲೆಕ್ಟ್ರಾನ್ ಇದ್ದರೆ ಅದು ಕಾರ್ಬೊಕ್ಯಾಟಯಾನ್. 7 ಇದ್ದರೆ ರ‍್ಯಾಡಿಕಲ್. 8 ಇದ್ದರೆ ಋಣ ಚಾರ್ಜಿನ ಕಾರ್ಬಾನಯಾನ್. ಅಂದರೆ ರ‍್ಯಾಡಿಕಲ್‌ನಿಂದ ಒಂದು ಎಲೆಕ್ಟ್ರಾನ್ ಕಿತ್ತರೆ ಕ್ಯಾಟಯಾನ್ ಸಿಗುತ್ತದೆ.

ಕೀಳುವುದು ಎಷ್ಟು ಕಷ್ಟ ಎನ್ನುವುದು ಕಾರ್ಬನ್ನಿಗೆ ಏನೇನು ಅಂಟಿಕೊಂಡಿದೆ ಎನ್ನುವುದರ ಮೇಲೆ ನಿಂತಿದೆ. ಅನಿಲ ಸ್ಥಿತಿಯಲ್ಲಿ ಮೀಥೈಲ್ ರ‍್ಯಾಡಿಕಲ್‌ನಿಂದ ಎಲೆಕ್ಟ್ರಾನ್ ಕೀಳಲು ಸುಮಾರು 9.84 ಎಲೆಕ್ಟ್ರಾನ್ ವೋಲ್ಟ್ ಬೇಕು. ಈಥೈಲ್‌ಗೆ 8.1, ಐಸೊಪ್ರೊಪೈಲ್‌ಗೆ 7.4, ಟರ್ಷಿಯರಿ ಬ್ಯೂಟೈಲ್‌ಗೆ 6.7 ಸಾಕು. ಮೂರನೇ ದರ್ಜೆಯ ಕಾರ್ಬನ್ ಸುಲಭವಾಗಿ ಕ್ಯಾಟಯಾನ್ ಆಗುತ್ತದೆ ಅಂತ ಬಾಯಿಪಾಠ ಮಾಡಿಸುತ್ತಾರಲ್ಲ, ಅದರ ಹಿಂದಿರುವ ಲೆಕ್ಕ ಇದೇ.

ಹಾಗಾದರೆ "ರ‍್ಯಾಡಿಕಲ್ ಕ್ಯಾಟಯಾನ್" ಅಂದರೇನು? ಎರಡೂ ಒಟ್ಟಿಗೆ ಹೇಗೆ ಸಾಧ್ಯ?

ಚಾರ್ಜ್ ಒಂದು ಲೆಕ್ಕ, ಒಂಟಿ ಎಲೆಕ್ಟ್ರಾನ್ ಇನ್ನೊಂದು ಲೆಕ್ಕ. ಎಲ್ಲ ಎಲೆಕ್ಟ್ರಾನ್‌ಗಳೂ ಜೋಡಿಯಾಗಿರುವ ಸಾಮಾನ್ಯ ಅಣುವಿನಿಂದ ಒಂದನ್ನು ತೆಗೆದರೆ ಅಣುವಿಗೆ ಧನ ಚಾರ್ಜ್ ಬರುತ್ತದೆ. ಜೊತೆಗೆ ಉಳಿದ ಎಲೆಕ್ಟ್ರಾನ್ ಒಂಟಿಯಾಗುತ್ತದೆ. ಹೀಗೆ ಎರಡೂ ಒಂದೇ ಅಣುವಿನಲ್ಲಿ ಕೂರುತ್ತವೆ.

ಮಾಸ್ ಸ್ಪೆಕ್ಟ್ರೋಮೀಟರ್ (ಅಣುಗಳ ತೂಕ ಅಳೆಯುವ ಯಂತ್ರ) ಬಳಸಿದ ಹಲವರು ಇದನ್ನು ನೋಡಿಯೇ ಇದ್ದಾರೆ. 70 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್ ಬಡಿದಾಗ ಸಿಗುವ "ಮಾಲಿಕ್ಯುಲರ್ ಅಯಾನ್" ಅಂದರೆ ರ‍್ಯಾಡಿಕಲ್ ಕ್ಯಾಟಯಾನೇ.

ಚಾರ್ಜ್ ಮತ್ತು ಒಂಟಿ ಎಲೆಕ್ಟ್ರಾನ್ ಒಂದೇ ಜಾಗದಲ್ಲಿ ಇರಬೇಕೆಂದೂ ಇಲ್ಲ. ಒಂದೊಂದು ಒಂದೊಂದು ಪರಮಾಣುವಿನ ಮೇಲೆ ಕೂತರೆ ಅದಕ್ಕೆ ಡಿಸ್ಟೋನಿಕ್ ಅಯಾನ್ ಅನ್ನುತ್ತಾರೆ. ಈ ಹೆಸರು ಬಳಕೆಗೆ ಬಂದದ್ದು 1984ರಲ್ಲಿ. ಮೆಥನಾಲ್ ಉದಾಹರಣೆ ಚೆನ್ನಾಗಿದೆ. ಅದರ ಅಯಾನಿನಲ್ಲಿ ಒಂದು ಹೈಡ್ರೋಜನ್ ಕಾರ್ಬನ್ ಬಿಟ್ಟು ಆಕ್ಸಿಜನ್ ಮೇಲೆ ಹೋಗಿ ಕೂತರೆ ಚಾರ್ಜ್ ಆಕ್ಸಿಜನ್ ಕಡೆ, ಒಂಟಿ ಎಲೆಕ್ಟ್ರಾನ್ ಕಾರ್ಬನ್ ಕಡೆ ಆಗುತ್ತದೆ. ನೋಡಲು ವಿಚಿತ್ರವಾಗಿರುವ ಈ ರೂಪವೇ ಮಾಮೂಲಿ ರೂಪಕ್ಕಿಂತ ಹೆಚ್ಚು ಸ್ಥಿರ.

ಇವೆಲ್ಲ ಕಾಗದದ ಮೇಲಿನ ಕತೆಯಾ, ಕಣ್ಣಿಗೆ ಕಾಣುತ್ತವಾ?

ಚೆನ್ನಾಗಿಯೇ ಕಾಣುತ್ತವೆ. ಮೋಸೆಸ್ ಗೊಂಬರ್ಗ್ 1900ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಹೆಕ್ಸಾಫಿನೈಲ್‌ಈಥೇನ್ ತಯಾರಿಸಲು ಹೊರಟಿದ್ದರು. ಟ್ರೈಫಿನೈಲ್‌ಮೀಥೈಲ್ ಕ್ಲೋರೈಡ್ ಜೊತೆ ಬೆಳ್ಳಿ ಪುಡಿ ಸೇರಿಸಿದರು. ಸಿಕ್ಕಿದ ಬಿಳಿ ವಸ್ತುವಿನಲ್ಲಿ ಇರಬಾರದ ಆಕ್ಸಿಜನ್ ಇತ್ತು. ಗಾಳಿ ತಾಗದಂತೆ ಮತ್ತೆ ಮಾಡಿದಾಗ ಹಳದಿ ದ್ರಾವಣ ಬಂತು. ಆ ದ್ರಾವಣವನ್ನು ಗಾಳಿಯಲ್ಲಿ ಅಲ್ಲಾಡಿಸಿದರೆ ಹಳದಿ ಮಾಯ. ಸ್ವಲ್ಪ ಹೊತ್ತು ಸುಮ್ನೆ ಇಟ್ಟರೆ ಮತ್ತೆ ಹಳದಿ. ಕಾರಣ ಇಷ್ಟೇ: ಅಲ್ಲಿದ್ದ ರ‍್ಯಾಡಿಕಲ್‌ಗಳನ್ನು ಆಕ್ಸಿಜನ್ ಹಿಡಿದುಹಾಕಿತು. ಜೋಡಿಯಾಗಿ ಕೂತಿದ್ದ ಅಣುಗಳು ಒಡೆದು ಹೊಸ ರ‍್ಯಾಡಿಕಲ್ ಕೊಟ್ಟವು.

ಆ ಜೋಡಿಯೂ ಗೊಂಬರ್ಗ್ ಅಂದುಕೊಂಡ ಹೆಕ್ಸಾಫಿನೈಲ್‌ಈಥೇನ್ ಆಗಿರಲಿಲ್ಲ. ಒಂದು ರ‍್ಯಾಡಿಕಲ್‌ನ ನಡುವಿನ ಕಾರ್ಬನ್ ಇನ್ನೊಂದರ ಬೆಂಜೀನ್ ಉಂಗುರದ ತುದಿಗೆ ಸೇರಿಕೊಂಡಿರುತ್ತದೆ. ಇದು ಖಚಿತವಾದದ್ದು 1968ರಲ್ಲಿ!

ಈಗ ಇದೇ ಅಣುವಿನ ಕ್ಯಾಟಯಾನ್ ನೋಡಿ. ಬಣ್ಣವಿಲ್ಲದ ಟ್ರೈಫಿನೈಲ್‌ಮೆಥನಾಲ್ ಹರಳುಗಳನ್ನು ಗಾಢ ಸಲ್ಫ್ಯೂರಿಕ್ ಆಮ್ಲಕ್ಕೆ ಹಾಕಿದರೆ ಕಿತ್ತಳೆ ಮಿಶ್ರಿತ ಹಳದಿ ಬಣ್ಣ ಏಳುತ್ತದೆ. ಅದು ಟ್ರೈಟೈಲ್ ಕ್ಯಾಟಯಾನ್. ನೀರಿಗೆ ಬಿದ್ದರೆ ಬಣ್ಣ ಹೋಗಿ ಬಿಳಿ ಆಲ್ಕೋಹಾಲ್ ವಾಪಸ್ ಬರುತ್ತದೆ. ಈ ಕ್ಯಾಟಯಾನ್‌ಗೆ ಒಂದು ಎಲೆಕ್ಟ್ರಾನ್ ಕೊಟ್ಟರೆ ಗೊಂಬರ್ಗ್ ರ‍್ಯಾಡಿಕಲ್ ರೆಡಿ.

ಇದೇ ಕುಟುಂಬದ ಕ್ರಿಸ್ಟಲ್ ವಯೊಲೆಟ್ ನೀರಿನಲ್ಲೇ ಆರಾಮಾಗಿ ಇರುತ್ತದೆ. ಬ್ಯಾಕ್ಟೀರಿಯಾ ಗುರುತಿಸುವ ಗ್ರಾಂ ಸ್ಟೇನ್‌ನಲ್ಲಿ ಬಳಸುವ ಬಣ್ಣ ಅದೇ. ಕಾರ್ಬೊಕ್ಯಾಟಯಾನ್ ಅಂದರೆ ಕ್ಷಣದಲ್ಲಿ ಸಾಯುವಂಥದ್ದು ಅಂತ ನಂಬಿದವರಿಗೆ ಆ ನೇರಳೆ ಬಾಟಲಿ ತೋರಿಸಿ. ಮೂರು ಅಮೈನೊ ಗುಂಪುಗಳು ಚಾರ್ಜನ್ನು ಹಂಚಿಕೊಂಡಿವೆ, ಹಾಗಾಗಿ ಅದಕ್ಕೆ ಅಷ್ಟು ತಾಳಿಕೆ.

ಒಂದು ಎಲೆಕ್ಟ್ರಾನ್ ಆಚೀಚೆ ಆದರೆ ಉತ್ಪನ್ನವೇ ಬದಲಾಗುತ್ತಾ?

ಪೂರ್ತಿ ಬದಲಾಗಬಹುದು. ಪ್ರೊಪೀನ್ ಮತ್ತು ಹೈಡ್ರೋಜನ್ ಬ್ರೋಮೈಡ್ ತಗೊಳ್ಳಿ. ಮಾಮೂಲಿಯಾಗಿ ಮೊದಲು ಪ್ರೋಟಾನ್ ಬಂದು ತುದಿಯ ಕಾರ್ಬನ್ನಿಗೆ ಸೇರುತ್ತದೆ. ನಡುವೆ ಕ್ಯಾಟಯಾನ್ ಆಗುತ್ತದೆ. ಅಲ್ಲಿಗೆ ಬ್ರೋಮೈಡ್ ಬರುತ್ತದೆ. ಸಿಗುವುದು 2-ಬ್ರೋಮೊಪ್ರೊಪೇನ್. ಹೈಡ್ರೋಜನ್ ತುದಿಗೆ, ಬ್ರೋಮಿನ್ ನಡುವೆ ಎನ್ನುವ ಇದೇ ಮಾರ್ಕೊವ್ನಿಕೊವ್ ನಿಯಮ. ಸುಲಭವಾಗಿ ಒಡೆದು ರ‍್ಯಾಡಿಕಲ್ ಕೊಡುವ ಪೆರಾಕ್ಸೈಡ್ ಚೂರು ಇದ್ದರೆ ದಾರಿ ಬೇರೆ. ಆಗ ಮೊದಲು ಬರುವುದು ಬ್ರೋಮಿನ್ ಪರಮಾಣು. ಅದೂ ತುದಿಗೇ ಸೇರುತ್ತದೆ, ನಡುವೆ ರ‍್ಯಾಡಿಕಲ್ ಉಳಿಯುತ್ತದೆ. ಸಿಗುವುದು 1-ಬ್ರೋಮೊಪ್ರೊಪೇನ್. ಖರಾಶ್ ಮತ್ತು ಮೇಯೊ 1933ರಲ್ಲಿ ಇದನ್ನು ಬಿಡಿಸಿದರು.

"ಪೆರಾಕ್ಸೈಡ್ ಇದ್ದರೆ ನಿಯಮ ಉಲ್ಟಾ" ಅಂತ ಕಲಿಸುವುದು ನನಗೆ ಅಷ್ಟು ಇಷ್ಟವಿಲ್ಲ. ನಿಯಮ ಉಲ್ಟಾ ಆಗಿಲ್ಲ. ಎರಡು ದಾರಿಯಲ್ಲೂ ಹೆಚ್ಚು ಸ್ಥಿರವಾದ ಮಧ್ಯಂತರವೇ ಹುಟ್ಟಿದೆ. ಮೊದಲು ಬಾಗಿಲು ತಟ್ಟಿದ್ದು ಯಾರು ಎನ್ನುವುದಷ್ಟೇ ಬೇರೆ.

ಡಯಜೋನಿಯಂ ಲವಣಗಳೂ (ಉಂಗುರಕ್ಕೆ ಎರಡು ನೈಟ್ರೋಜನ್ ಅಂಟಿದ ಕ್ಯಾಟಯಾನ್ ಇರುವಂಥವು) ಹೀಗೇ. ಬೆಂಜೀನ್ ಡಯಜೋನಿಯಂ ದ್ರಾವಣವನ್ನು ನೀರಿನಲ್ಲಿ ಬಿಸಿ ಮಾಡಿದರೆ ನೈಟ್ರೋಜನ್ ಹೊರಟುಹೋಗಿ ಅರೈಲ್ (ಬೆಂಜೀನ್ ಉಂಗುರದ) ಕ್ಯಾಟಯಾನ್ ಉಳಿಯುತ್ತದೆ. ಅದು ನೀರನ್ನು ಹಿಡಿದು ಫೀನಾಲ್ ಆಗುತ್ತದೆ. ಅದೇ ದ್ರಾವಣಕ್ಕೆ ಕ್ಯುಪ್ರಸ್ ಕ್ಲೋರೈಡ್ ಹಾಕಿದರೆ ತಾಮ್ರ ಒಂದು ಎಲೆಕ್ಟ್ರಾನ್ ಕೊಡುತ್ತದೆ, ಅರೈಲ್ ರ‍್ಯಾಡಿಕಲ್ ಹುಟ್ಟುತ್ತದೆ, ಕೊನೆಗೆ ಕ್ಲೋರೊಬೆಂಜೀನ್ ಸಿಗುತ್ತದೆ. ಇದು 1884ರಷ್ಟು ಹಳೆಯ ಸ್ಯಾಂಡ್‌ಮೆಯರ್ ಕ್ರಿಯೆ. ಎಚ್ಚರಿಕೆ: ಡಯಜೋನಿಯಂ ಕ್ಲೋರೈಡನ್ನು ಯಾವತ್ತೂ ಒಣಗಿಸಬೇಡಿ, ಸಿಡಿಯುತ್ತದೆ.

ಅಯಾನಿಕ್ ದ್ರವ ಅಂದರೆ ನೀರಿನಲ್ಲಿ ಕರಗಿಸಿದ ಉಪ್ಪಾ?

ಅಲ್ಲ. ಅಲ್ಲಿ ನೀರೇ ಇಲ್ಲ. ಉಪ್ಪೇ ದ್ರವವಾಗಿರುತ್ತದೆ. ಅಡುಗೆ ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. 100 ಡಿಗ್ರಿಗಿಂತ ಕೆಳಗೆ ದ್ರವವಾಗುವ ಲವಣಗಳಿಗೆ ಅಯಾನಿಕ್ ದ್ರವ ಅನ್ನುವುದು ರೂಢಿ. ಪಾಲ್ ವಾಲ್ಡನ್ 1914ರಲ್ಲೇ ಸುಮಾರು 12 ಡಿಗ್ರಿಯಲ್ಲಿ ಕರಗುವ ಈಥೈಲ್ ಅಮೋನಿಯಂ ನೈಟ್ರೇಟ್ ಬಗ್ಗೆ ಬರೆದಿದ್ದರು. ಗಾಳಿ, ನೀರು ತಾಳಿಕೊಳ್ಳುವ ಇಮಿಡಜೋಲಿಯಂ (ಎರಡು ನೈಟ್ರೋಜನ್ ಇರುವ ಐದು ಪರಮಾಣುಗಳ ಉಂಗುರದ ಕ್ಯಾಟಯಾನ್) ದ್ರವಗಳನ್ನು ವಿಲ್ಕ್ಸ್ ಮತ್ತು ಜವೊರೊಟ್ಕೊ 1992ರಲ್ಲಿ ತೋರಿಸಿದ ಮೇಲೆ ಈ ಕ್ಷೇತ್ರ ಓಡತೊಡಗಿತು.

ಇಷ್ಟು ಕಡಿಮೆ ಉಷ್ಣಾಂಶದಲ್ಲಿ ಕರಗುವುದೇಕೆ? ಕ್ಯಾಟಯಾನ್ ದೊಡ್ಡದು, ಅಂಕುಡೊಂಕು, ಚಾರ್ಜ್ ಹರಡಿಕೊಂಡಿದೆ. ಹರಳಿನಲ್ಲಿ ಒತ್ತಾಗಿ ಜೋಡಿಸಿಕೊಳ್ಳಲು ಬರುವುದಿಲ್ಲ.

ಅದು ಬರೀ ದ್ರಾವಕ ಅಲ್ವಾ? "ರಿಯಾಕ್ಟಿವ್" ಅಂತ ಯಾಕೆ ಕರೆಯುತ್ತಾರೆ?

ಅಯಾನಿಕ್ ದ್ರವ ಸುಮ್ನೆ ಬದಿಯಲ್ಲಿ ನಿಂತು ನೋಡುತ್ತದೆ ಎನ್ನುವ ನಂಬಿಕೆ ಎಷ್ಟೋ ಪ್ರಯೋಗಗಳನ್ನು ಹಾಳು ಮಾಡಿದೆ. ಕೆಲವು ದ್ರವಗಳನ್ನು ಬೇಕಂತಲೇ ಕ್ರಿಯೆಗೆ ಇಳಿಯುವಂತೆ ಮಾಡಿರುತ್ತಾರೆ. ಇಮಿಡಜೋಲಿಯಂ ಕ್ಲೋರೈಡಿಗೆ ಸಮ ಮೋಲ್‌ಗಿಂತ ಜಾಸ್ತಿ ಅಲ್ಯೂಮಿನಿಯಂ ಕ್ಲೋರೈಡ್ ಬೆರೆಸಿದರೆ ದ್ರವವೇ ಲೂಯಿಸ್ ಆಮ್ಲ (ಎಲೆಕ್ಟ್ರಾನ್ ಜೋಡಿ ಪಡೆಯುವಂಥದ್ದು) ಆಗುತ್ತದೆ, ದ್ರಾವಕವೂ ಅದೇ, ವೇಗವರ್ಧಕವೂ ಅದೇ. ಇನ್ನು ಕೆಲವು ನಾವು ಕೇಳದೇ ಇದ್ದರೂ ಕ್ರಿಯೆಗೆ ಇಳಿಯುತ್ತವೆ.

ಇಮಿಡಜೋಲಿಯಂ ಉಂಗುರದಲ್ಲಿ ಎರಡು ನೈಟ್ರೋಜನ್‌ಗಳ ನಡುವೆ ಒಂದು ಕಾರ್ಬನ್ ಇದೆ. ಅದಕ್ಕೆ ಸಿ-2 ಅನ್ನುತ್ತಾರೆ. ಅದರ ಹೈಡ್ರೋಜನ್ ಸ್ವಲ್ಪ ಆಮ್ಲೀಯ, ಪಿಕೆಎ (ಪ್ರೋಟಾನ್ ಬಿಡುವ ಗುಣದ ಅಳತೆ, ಕಡಿಮೆಯಾದಷ್ಟೂ ಹೆಚ್ಚು ಆಮ್ಲೀಯ) ಸುಮಾರು 21ರಿಂದ 24. ಪ್ರತ್ಯಾಮ್ಲ ಸಿಕ್ಕರೆ ಆ ಪ್ರೋಟಾನ್ ಹೋಗಿ ಕಾರ್ಬೀನ್ (ಎರಡೇ ಬಂಧ ಇರುವ, ಚಾರ್ಜಿಲ್ಲದ ಕಾರ್ಬನ್) ಹುಟ್ಟುತ್ತದೆ. ಈಥೈಲ್ ಮೀಥೈಲ್ ಇಮಿಡಜೋಲಿಯಂ ಅಸಿಟೇಟ್‌ಗಂತೂ ಹೊರಗಿನ ಪ್ರತ್ಯಾಮ್ಲವೂ ಬೇಡ, ಅದರ ಅಸಿಟೇಟೇ ಆ ಕೆಲಸ ಮಾಡುತ್ತದೆ. ಈ ದ್ರವ ಸೆಲ್ಯುಲೋಸನ್ನು ಕರಗಿಸುತ್ತದೆ ಅಂತ ಹೆಸರುವಾಸಿ. ಆದರೆ ಕರಗಿಸುತ್ತಲೇ ಸೆಲ್ಯುಲೋಸ್ ಸರಪಳಿಯ ಆಲ್ಡಿಹೈಡ್ ತುದಿಗೆ ಅಂಟಿಕೊಳ್ಳುತ್ತದೆ ಕೂಡ. ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ ಅದನ್ನೂ ಹಿಡಿದು ಕಾರ್ಬಾಕ್ಸಿಲೇಟ್ ಆಗುತ್ತದೆ.

ಇಮಿಡಜೋಲಿಯಂಗೆ ಎಲೆಕ್ಟ್ರಾನ್ ಸಿಕ್ಕರೆ ಏನಾಗುತ್ತದೆ?

ಧನ ಚಾರ್ಜ್ ಹೋಗಿ ಚಾರ್ಜಿಲ್ಲದ ರ‍್ಯಾಡಿಕಲ್ ಆಗುತ್ತದೆ. ಒಂಟಿ ಎಲೆಕ್ಟ್ರಾನ್ ಹೆಚ್ಚಾಗಿ ಸಿ-2 ಸುತ್ತಮುತ್ತ ಇರುತ್ತದೆ. ಆಮೇಲೆ ಅದು ಹೈಡ್ರೋಜನ್ ಬಿಟ್ಟುಕೊಟ್ಟು ಕಾರ್ಬೀನ್ ಆಗಬಹುದು, ಎರಡು ಸಿ-2ಗಳು ಒಂದಕ್ಕೊಂದು ಅಂಟಿ ಜೋಡಿಯಾಗಬಹುದು, ಇಲ್ಲವೇ ನೈಟ್ರೋಜನ್ ಮೇಲಿನ ಆಲ್ಕೈಲ್ ಬಾಲ ಕಳಚಿ ಅದೇ ರ‍್ಯಾಡಿಕಲ್ ಆಗಿ ಹೊರಬೀಳಬಹುದು.

ಬ್ಯಾಟರಿ, ಸೂಪರ್ ಕೆಪಾಸಿಟರ್ ಕೆಲಸ ಮಾಡುವವರಿಗೆ ಇದು ತಲೆನೋವು. ಅಯಾನಿಕ್ ದ್ರವಗಳು 4ರಿಂದ 6 ವೋಲ್ಟ್‌ವರೆಗೆ ತಾಳಿಕೊಳ್ಳುತ್ತವೆ ಅಂತ ಹೇಳುವುದುಂಟು. ಋಣ ತುದಿಯಲ್ಲಿ ಆ ಮಿತಿಯನ್ನು ಸಾಮಾನ್ಯವಾಗಿ ತೀರ್ಮಾನಿಸುವುದು ಕ್ಯಾಟಯಾನ್ ಎಲೆಕ್ಟ್ರಾನ್ ಪಡೆದು ರ‍್ಯಾಡಿಕಲ್ ಆಗುವ ಹಂತ. ಸಿ-2 ಮೇಲೆ ಮೀಥೈಲ್ ಹಾಕಿದರೆ ತಾಳಿಕೆ ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಪರಿಹಾರವಲ್ಲ. ಇಮಿಡಜೋಲಿಯಂ ಉಂಗುರವೇ ಬೇಡ ಅನ್ನುವವರು ನಾಲ್ಕು ಆಲ್ಕೈಲ್ ಇರುವ ಅಮೋನಿಯಂ ಅಥವಾ ಪಿರೊಲಿಡಿನಿಯಂ ಕಡೆ ಹೋಗುತ್ತಾರೆ. ಅಲ್ಲಿ ಎಲೆಕ್ಟ್ರಾನ್ ಕೂರಲು ಸುಲಭದ ಜಾಗವಿಲ್ಲ.

ಎಲೆಕ್ಟ್ರಾನ್ ಪಡೆದೂ ಹಾಳಾಗದ ಕ್ಯಾಟಯಾನ್ ಇದೆಯಾ?

ವಯೊಲೊಜೆನ್. ಎರಡು ಪಿರಿಡಿನಿಯಂ ಉಂಗುರ, ಎರಡು ಧನ ಚಾರ್ಜ್. ನೀರಿನಲ್ಲಿ ಬಣ್ಣವಿಲ್ಲ. ಸತುವಿನ ಪುಡಿ ಹಾಕಿದರೆ ಒಂದು ಎಲೆಕ್ಟ್ರಾನ್ ಪಡೆದು ಗಾಢ ನೀಲಿ ರ‍್ಯಾಡಿಕಲ್ ಕ್ಯಾಟಯಾನ್ ಆಗುತ್ತದೆ. ಗಾಳಿ ಸೇರಿಸಿ ಅಲ್ಲಾಡಿಸಿದರೆ ನೀಲಿ ಹೋಗುತ್ತದೆ, ಏಕೆಂದರೆ ಆ ಎಲೆಕ್ಟ್ರಾನನ್ನು ಆಕ್ಸಿಜನ್ ಕಸಿದುಕೊಂಡು ಸೂಪರಾಕ್ಸೈಡ್ ಆಗುತ್ತದೆ.

ಕಳೆನಾಶಕ ಪ್ಯಾರಾಕ್ವಾಟ್ ಇದೇ ಕುಟುಂಬದ ಅಣು. ಅದರ ವಿಷವೂ ಇದೇ ಗುಣದಿಂದ ಬಂದದ್ದು. ಜೀವಕೋಶದಲ್ಲಿ ಎಲೆಕ್ಟ್ರಾನ್ ತಗೊಂಡು ಆಕ್ಸಿಜನ್‌ಗೆ ಕೊಡುತ್ತದೆ, ಮತ್ತೆ ಬಂದು ತಗೊಳ್ಳುತ್ತದೆ. ತಾನು ಖರ್ಚಾಗುವುದಿಲ್ಲ, ಸೂಪರಾಕ್ಸೈಡ್ ಮಾತ್ರ ರಾಶಿ ಬೀಳುತ್ತದೆ. ಆದ್ದರಿಂದ ಈ ನೀಲಿ ಪ್ರಯೋಗ ಅನುಭವಿಗಳಿಲ್ಲದೆ, ಕೈಗವಸಿಲ್ಲದೆ ಮಾಡುವಂಥದ್ದಲ್ಲ.

ದೇಹದಲ್ಲಿ ಫ್ರೀ ರ‍್ಯಾಡಿಕಲ್ ಅಂದರೆ ಕೆಟ್ಟದ್ದೇ ಅಲ್ವಾ?

ಜಾಹೀರಾತುಗಳು ಹಾಗೆ ಹೇಳುತ್ತವೆ. ಆದರೆ ರಕ್ತನಾಳ ಸಡಿಲಿಸುವ ಸಂದೇಶ ಒಯ್ಯುವ ನೈಟ್ರಿಕ್ ಆಕ್ಸೈಡ್ ಒಂದು ರ‍್ಯಾಡಿಕಲ್. ವಿಟಮಿನ್ ಬಿ-1 ಅಂತೂ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಅದರೊಳಗಿನ ತಯಜೋಲಿಯಂ ಉಂಗುರ ಇಮಿಡಜೋಲಿಯಂನ ಹತ್ತಿರದ ನೆಂಟ. ಅದೂ ಪ್ರೋಟಾನ್ ಬಿಟ್ಟು ಕಾರ್ಬೀನ್ ಥರ ವರ್ತಿಸುತ್ತದೆ ಅಂತ ಬ್ರೆಸ್ಲೊ 1958ರಲ್ಲಿ ತೋರಿಸಿದರು. ಆಮ್ಲಜನಕವಿಲ್ಲದ ಕಡೆ ಬದುಕುವ ಕೆಲವು ಸೂಕ್ಷ್ಮಜೀವಿಗಳ ಕಿಣ್ವದಲ್ಲಿ ಇದೇ ವಿಟಮಿನ್ ರ‍್ಯಾಡಿಕಲ್ ರೂಪದಲ್ಲೂ ಕೆಲಸ ಮಾಡುತ್ತದೆ.

ಅಯಾನಿಕ್ ದ್ರವದಲ್ಲಿ ಪಾಲಿಮರ್ ಮಾಡಿದರೆ ಬೇಗ ಆಗುತ್ತದೆ ಅಂತಾರೆ, ನಿಜವೇ?

ಹಲವು ಸಲ ನಿಜ. ಮೀಥೈಲ್ ಮೆಥಾಕ್ರಿಲೇಟ್ ಅನ್ನು ಬ್ಯೂಟೈಲ್ ಮೀಥೈಲ್ ಇಮಿಡಜೋಲಿಯಂ ಹೆಕ್ಸಾಫ್ಲೋರೊಫಾಸ್ಫೇಟ್‌ನಲ್ಲಿ ಪಾಲಿಮರ್ ಮಾಡಿ ಅಳೆದಿದ್ದಾರೆ. ಸರಪಳಿ ಬೆಳೆಯುವ ವೇಗ ಹೆಚ್ಚಾಗುತ್ತದೆ. ಎರಡು ರ‍್ಯಾಡಿಕಲ್ ಸೇರಿ ಸಾಯುವ ವೇಗ ಸುಮಾರು ಹತ್ತು ಪಟ್ಟಿನಷ್ಟು ಇಳಿಯುತ್ತದೆ. ಎರಡನೆಯದಕ್ಕೆ ಮುಖ್ಯ ಕಾರಣ ದ್ರವದ ದಪ್ಪ. ಅದರ ಸ್ನಿಗ್ಧತೆ ನೀರಿಗಿಂತ ನೂರಾರು ಪಟ್ಟು ಜಾಸ್ತಿ. ಉದ್ದ ಸರಪಳಿಗಳ ತುದಿಗಳು ಒಂದನ್ನೊಂದು ಹುಡುಕಿಕೊಂಡು ಬರುವುದು ತಡವಾಗುತ್ತದೆ. ಅಷ್ಟರಲ್ಲಿ ಸಣ್ಣ ಮಾನೊಮರ್‌ಗಳು ನುಗ್ಗಿ ಸೇರಿಕೊಂಡಿರುತ್ತವೆ. ಹೀಗಾಗಿ ಪಾಲಿಮರ್ ಜಾಸ್ತಿ, ಸರಪಳಿಯೂ ಉದ್ದ.

ಬೆಳಕು ಹಾಕಿ ಕ್ಯಾಟಯಾನ್ ಬಳಸುವ ರಸಾಯನಶಾಸ್ತ್ರ ಏನು?

ಕೆಲವು ಕ್ಯಾಟಯಾನ್‌ಗಳು ಬೆಳಕು ಹೀರಿದಾಗ ಎಲೆಕ್ಟ್ರಾನ್ ಕಿತ್ತುಕೊಳ್ಳುವುದರಲ್ಲಿ ಭಯಂಕರ ಚುರುಕಾಗುತ್ತವೆ. ಫುಕುಜುಮಿ ತಂಡ 2004ರಲ್ಲಿ ತಂದ ಮೆಸಿಟೈಲ್ ಅಕ್ರಿಡಿನಿಯಂ ಹೆಸರಾಂತ ಉದಾಹರಣೆ. ನೀಲಿ ಬೆಳಕಿನಲ್ಲಿ ಅದು ಆಲ್ಕೀನ್‌ನಿಂದ (ಪ್ರೊಪೀನ್ ಥರ ಜೋಡಿ ಬಂಧ ಇರುವ ಅಣುವಿನಿಂದ) ಎಲೆಕ್ಟ್ರಾನ್ ಕಿತ್ತು ರ‍್ಯಾಡಿಕಲ್ ಕ್ಯಾಟಯಾನ್ ಮಾಡುತ್ತದೆ. ಅದಕ್ಕೆ ಆಲ್ಕೋಹಾಲ್ ಸೇರಿದಾಗ ಹೆಚ್ಚು ಸ್ಥಿರವಾದ ರ‍್ಯಾಡಿಕಲ್ ಉಳಿಯುವಂತೆ ಸೇರುತ್ತದೆ. ಹಾಗಾಗಿ ಪೆರಾಕ್ಸೈಡ್ ಇಲ್ಲದೇ, ಬ್ರೋಮಿನ್ ಇಲ್ಲದೇ, ಖರಾಶ್ ಕಂಡ ಆ "ಉಲ್ಟಾ" ದಿಕ್ಕಿನ ಉತ್ಪನ್ನ ಸಿಗುತ್ತದೆ.

ಇನ್ನೊಂದು, ಮೂರು ಕಾರ್ಬನ್ನಿನ ಪುಟ್ಟ ಉಂಗುರ: ಸೈಕ್ಲೊಪ್ರೊಪೀನಿಯಂ. ಮೂರು ಅಮೈನೊ ಗುಂಪು ಹಾಕಿದರೆ ಬಹಳ ಗಟ್ಟಿ ಕ್ಯಾಟಯಾನ್. ಇದರಿಂದ ಅಯಾನಿಕ್ ದ್ರವಗಳನ್ನೂ ಮಾಡಿದ್ದಾರೆ. ವಿದ್ಯುತ್ತಿನಿಂದ ಅದರ ಒಂದು ಎಲೆಕ್ಟ್ರಾನ್ ತೆಗೆದರೆ ರ‍್ಯಾಡಿಕಲ್ ಡೈಕ್ಯಾಟಯಾನ್ ಆಗುತ್ತದೆ. ಅದರ ಮೇಲೆ ಬೆಳಕು ಬಿದ್ದರೆ ಬೆಂಜೀನಿನಿಂದಲೂ ಎಲೆಕ್ಟ್ರಾನ್ ಕೀಳುವಷ್ಟು ಶಕ್ತಿ ಬರುತ್ತದೆ. ವಿದ್ಯುತ್ತೂ ಬೆಳಕೂ ಒಟ್ಟಿಗೆ ದುಡಿಯುವ ಈ ವಿಧಾನ 2019ರಲ್ಲಿ ಬೆಳಕಿಗೆ ಬಂತು.

ಅಯಾನಿಕ್ ದ್ರವ ರಾಕೆಟ್ ಇಂಧನವಾಗುತ್ತದಂತೆ?

ಆಗುತ್ತದೆ. ಡೈಸಯನಮೈಡ್ ಆನಯಾನ್ (ಋಣ ಚಾರ್ಜಿನ ಅಯಾನ್) ಇರುವ ಕೆಲವು ದ್ರವಗಳು ಗಾಢ ನೈಟ್ರಿಕ್ ಆಮ್ಲ ತಾಗಿದ ಕೂಡಲೇ, ಕಿಡಿಯೇ ಇಲ್ಲದೆ ಹತ್ತಿಕೊಳ್ಳುತ್ತವೆ. ನಾಸಾ 2019ರ ಜೂನ್‌ನಲ್ಲಿ ಹಾರಿಸಿದ ಗ್ರೀನ್ ಪ್ರೊಪೆಲ್ಲೆಂಟ್ ಇನ್‌ಫ್ಯೂಷನ್ ಮಿಷನ್‌ನಲ್ಲಿ ವಿಷಕಾರಿ ಹೈಡ್ರಜೀನ್ ಬದಲು ಹೈಡ್ರಾಕ್ಸಿಲ್ ಅಮೋನಿಯಂ ನೈಟ್ರೇಟ್ ಆಧಾರದ ಇಂಧನ ಬಳಸಿದ್ದರು.

ಹಾಗಾದರೆ "ಹಸಿರು ದ್ರಾವಕ" ಅನ್ನುವುದು?

ಆವಿಯಾಗುವುದು ತೀರಾ ಕಡಿಮೆ, ಅಷ್ಟು ನಿಜ. ಅದನ್ನೇ ಹಿಡಿದು "ಆವಿಯಾಗುವುದೇ ಇಲ್ಲ, ಉರಿಯುವುದೇ ಇಲ್ಲ" ಎಂದವರಿದ್ದರು. ಕೆಲವನ್ನು ನಿರ್ವಾತದಲ್ಲಿ ಬಟ್ಟಿ ಇಳಿಸಬಹುದು ಅಂತ 2006ರಲ್ಲಿ ತೋರಿಸಲಾಯಿತು. ಉರಿಯುವ ಮಾತಂತೂ ಮೇಲೇ ಬಂತು. ಹೆಕ್ಸಾಫ್ಲೋರೊಫಾಸ್ಫೇಟ್ ದ್ರವವನ್ನು ನೀರಿನ ಜೊತೆ ಬಿಸಿ ಮಾಡಿದರೆ ಹೈಡ್ರೋಜನ್ ಫ್ಲೋರೈಡ್ ಹುಟ್ಟಬಹುದು. ಅದು ಗಾಜನ್ನೇ ಕೊರೆಯುತ್ತದೆ. ಯಾವ ದ್ರವ, ಯಾವ ಕೆಲಸಕ್ಕೆ ಅಂತ ಕೇಳದೆ ಹಸಿರು ಚೀಟಿ ಅಂಟಿಸಬಾರದು.

ಕಾರ್ಬನ್ ಮಾತ್ರ ಇರುವ ರ‍್ಯಾಡಿಕಲ್ ಕ್ಯಾಟಯಾನ್ ಇದೆಯಾ?

ಇದೆ, ಅದೂ ನಕ್ಷತ್ರಗಳ ನಡುವೆ. 60 ಕಾರ್ಬನ್‌ಗಳ ಚೆಂಡು ಬಕ್‌ಮಿನ್‌ಸ್ಟರ್ ಫುಲರೀನ್ ಒಂದು ಎಲೆಕ್ಟ್ರಾನ್ ಕಳೆದುಕೊಂಡರೆ ರ‍್ಯಾಡಿಕಲ್ ಕ್ಯಾಟಯಾನ್. ದೂರದ ನಕ್ಷತ್ರಗಳ ಬೆಳಕಿನಲ್ಲಿ 9577 ಮತ್ತು 9632 ಆಂಗ್‌ಸ್ಟ್ರಮ್ ಬಳಿ ಕಾಣುವ ಹೀರಿಕೆಯ ಪಟ್ಟಿಗಳು ಇದರವೇ ಇರಬೇಕು ಅಂತ 1994ರಲ್ಲೇ ಸೂಚನೆ ಬಂದಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಜಾನ್ ಮೇಯರ್ ತಂಡ ಅತಿ ತಣ್ಣಗಿನ ಸ್ಥಿತಿಯಲ್ಲಿ ಇದರ ರೋಹಿತ ಅಳೆದು 2015ರಲ್ಲಿ ಖಚಿತಪಡಿಸಿತು.

ನನ್ನ ಕ್ರಿಯೆ ರ‍್ಯಾಡಿಕಲ್ ದಾರಿಯಲ್ಲಿದೆಯೋ ಕ್ಯಾಟಯಾನ್ ದಾರಿಯಲ್ಲಿದೆಯೋ ತಿಳಿಯುವುದು ಹೇಗೆ?

ಮೊದಲು ನೆನಪಾಗುವುದು ಇಎಸ್‌ಆರ್, ಅಂದರೆ ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್. 1944ರಲ್ಲಿ ರಷ್ಯಾದ ಕಜಾನ್‌ನಲ್ಲಿ ಜವೊಯ್‌ಸ್ಕಿ ಕಂಡುಹಿಡಿದದ್ದು. ಒಂಟಿ ಎಲೆಕ್ಟ್ರಾನ್ ಇದ್ದರೆ ಮಾತ್ರ ಸದ್ದು (ಸಿಗ್ನಲ್) ಬರುತ್ತದೆ. ಬರೀ ಕ್ಯಾಟಯಾನ್ ಇದ್ದರೆ ಮೌನ. ದಪ್ಪ ಅಯಾನಿಕ್ ದ್ರವದಲ್ಲಿ ಅಣು ತಿರುಗುವುದು ನಿಧಾನ, ಹಾಗಾಗಿ ಗೆರೆಗಳು ಅಗಲವಾಗುತ್ತವೆ ಎನ್ನುವುದು ನೆನಪಿರಲಿ.

ಎರಡನೆಯದು ಟೆಂಪೊ (ಬೇರೆ ರ‍್ಯಾಡಿಕಲ್‌ಗಳನ್ನು ಹಿಡಿದುಹಾಕುವ ಒಂದು ಸ್ಥಿರ ರ‍್ಯಾಡಿಕಲ್) ಹಾಕಿ ನೋಡುವುದು. ಕ್ರಿಯೆ ನಿಂತರೆ "ರ‍್ಯಾಡಿಕಲ್ ದಾರಿ" ಅಂತ ಬರೆದುಬಿಡುತ್ತಾರೆ. ಇದನ್ನು ಅಷ್ಟು ಸಲೀಸಾಗಿ ನಂಬಬೇಡಿ. ಟೆಂಪೊ ತಾನೇ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಆಕ್ಸೊಅಮೋನಿಯಂ ಕ್ಯಾಟಯಾನ್ ಆಗಬಲ್ಲದು. ನಿಮ್ಮ ಕ್ಯಾಟಯಾನ್ ಎಲೆಕ್ಟ್ರಾನ್ ಕೀಳುವ ಜಾತಿಯದಾದರೆ ಟೆಂಪೊ ಅದನ್ನೇ ಖರ್ಚು ಮಾಡಿ ಕ್ರಿಯೆ ನಿಲ್ಲಿಸಿರಬಹುದು.

ನನಗೆ ಮೆಚ್ಚುಗೆಯಾದದ್ದು ನ್ಯೂಕಂಬ್ ತಂಡದ ಸೈಕ್ಲೊಪ್ರೊಪೇನ್ ಪರೀಕ್ಷೆ. ಮೂರು ಕಾರ್ಬನ್ನಿನ ಉಂಗುರದ ಒಂದು ಮೂಲೆಯಲ್ಲಿ ಫಿನೈಲ್, ಇನ್ನೊಂದರಲ್ಲಿ ಮೆಥಾಕ್ಸಿ. ಮೂರನೇ ಮೂಲೆಗೆ ಅಂಟಿದ ಕಾರ್ಬನ್ ಮೇಲೆ ರ‍್ಯಾಡಿಕಲ್ ಹುಟ್ಟಿದರೆ ಉಂಗುರ ಫಿನೈಲ್ ಕಡೆಯ ಬಂಧ ಮುರಿದುಕೊಂಡು ತೆರೆಯುತ್ತದೆ, ಏಕೆಂದರೆ ಅಲ್ಲಿ ಬೆಂಜೈಲ್ ರ‍್ಯಾಡಿಕಲ್ ಸಿಗುತ್ತದೆ. ಕ್ಯಾಟಯಾನ್ ಹುಟ್ಟಿದರೆ ಮೆಥಾಕ್ಸಿ ಕಡೆ ತೆರೆಯುತ್ತದೆ, ಏಕೆಂದರೆ ಧನ ಚಾರ್ಜಿಗೆ ಆಕ್ಸಿಜನ್ ಆಸರೆ ಬೇಕು. ಉತ್ಪನ್ನ ನೋಡಿದರೆ ಉತ್ತರ ಗೊತ್ತಾಗುತ್ತದೆ.

ಪ್ರಯೋಗಕ್ಕೆ ಮೊದಲು ಅಯಾನಿಕ್ ದ್ರವದಲ್ಲಿ ಏನೇನು ನೋಡಿಕೊಳ್ಳಬೇಕು?

ಹ್ಯಾಲೈಡ್, ನೀರು, ಆಕ್ಸಿಜನ್, ಈ ಮೂರು. ಹೆಚ್ಚಿನ ಇಮಿಡಜೋಲಿಯಂ ದ್ರವಗಳು ಮೊದಲು ಕ್ಲೋರೈಡ್ ಅಥವಾ ಬ್ರೋಮೈಡ್ ಆಗಿದ್ದು ಆಮೇಲೆ ಆನಯಾನ್ ಬದಲಾಯಿಸಿಕೊಂಡವು. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿ, ಬೆಳ್ಳಗಾದರೆ ಇನ್ನೂ ತೊಳೆಯಬೇಕು. ಉಳಿದ ಹ್ಯಾಲೈಡ್ ಎಲೆಕ್ಟ್ರಾನ್ ಕೊಟ್ಟು ತಾನೇ ರ‍್ಯಾಡಿಕಲ್ ಆಗಬಲ್ಲದು, ಆಗ ನೀವು ಅಳೆಯುವುದು ಬೇರೆಯದನ್ನೇ. ನೀರನ್ನು ಕಾರ್ಲ್ ಫಿಷರ್ ವಿಧಾನದಲ್ಲಿ ಅಳೆಯಿರಿ. ನೀರಿಗೆ ಬೆರೆಯದ ದ್ರವಗಳೂ ಗಾಳಿಯ ತೇವ ಹೀರುತ್ತವೆ.

ಆಕ್ಸಿಜನ್ ತೆಗೆಯುವುದಕ್ಕೆ ತಾಳ್ಮೆ ಬೇಕು. ದ್ರವ ದಪ್ಪ, ಅನಿಲ ಹೊರಬರುವುದು ನಿಧಾನ. ಮಾಮೂಲಿ ದ್ರಾವಕಕ್ಕೆ ಕೊಡುವಷ್ಟೇ ಹೊತ್ತು ಆರ್ಗಾನ್ ಹಾಯಿಸಿದರೆ ಸಾಲದು. ಸ್ವಲ್ಪ ಬಿಸಿ ಮಾಡಿ ಕಲಕುತ್ತಾ ನಿರ್ವಾತಕ್ಕೆ ಒಡ್ಡಿ. ಕೊಂಡ ಬಾಟಲಿ ತಿಳಿ ಹಳದಿ ಇದ್ದರೆ ಗಾಬರಿ ಬೇಡ, ಎನ್‌ಎಂಆರ್‌ನಲ್ಲೂ ಕಾಣದಷ್ಟು ಕಲ್ಮಶ ಆ ಬಣ್ಣ ಕೊಡಬಲ್ಲದು. ಆದರೆ ಬೆಳಕಿನ ಪ್ರಯೋಗ ಮಾಡುವವರು ಅದನ್ನು ಇದ್ದಿಲಿನಿಂದ ಶುದ್ಧಿ ಮಾಡಿಕೊಂಡೇ ಬಳಸಬೇಕು. ನಿಮ್ಮ ದೀಪದ ಬೆಳಕನ್ನು ಆ ಕಲ್ಮಶವೂ ಹೀರುತ್ತದೆ.